ವಾರ ಹದಿಮೂರಾದರೆ ತಿಂಗಳು ಮೂರು: ಕೂಸಿನ ವಯಸ್ಸಿನ ಲೆಕ್ಕ ಹಾಕುವ ಕ್ರಮ

"ಕೂಸಿಗೆ ಎಷ್ಟು ತಿಂಗಳಾಯ್ತು?" ಎಂದು ಕೇಳಿದರೆ ಒಂದೇ ಮನೆಯಲ್ಲಿ ಮೂರು ಉತ್ತರ ಸಿಗುವುದುಂಟು. ಅಜ್ಜಿ "ಆರರಲ್ಲಿ ನಡೀತಾ ಇದೆ" ಅನ್ನುತ್ತಾಳೆ. ತಾಯಿ ಮೊಬೈಲ್ ಆಪ್ ನೋಡಿ "ಇಪ್ಪತ್ತನಾಲ್ಕು ವಾರ" ಅನ್ನುತ್ತಾಳೆ. ಅಪ್ಪ ಆ ಇಪ್ಪತ್ತನಾಲ್ಕನ್ನು ನಾಲ್ಕರಿಂದ ಭಾಗಿಸಿ "ಹಾಗಾದ್ರೆ ಆರು ತುಂಬಿತು, ನಾಳೆಯಿಂದ ರಾಗಿ ಮಣ್ಣಿ ಶುರು ಮಾಡಿ" ಅನ್ನುತ್ತಾನೆ. ಅಜ್ಜಿಯ ಮಾತೂ ಸರಿ, ತಾಯಿಯ ಮಾತೂ ಸರಿ. ಕೆಟ್ಟದ್ದು ಭಾಗಾಕಾರ.

ಹೆರಿಗೆ ಕಾರವಾರದಲ್ಲಿ, ಬಾಣಂತನ ಶಿರಸಿ ಕಡೆಯ ತವರಲ್ಲಿ, ಆಮೇಲೆ ಮತ್ತೆ ಘಟ್ಟ ಇಳಿದು ಅಂಕೋಲೆಗೋ ಕುಮಟೆಗೋ ಎಂದು ಓಡಾಡುವ ನಮ್ಮ ಜಿಲ್ಲೆಯ ಕೂಸುಗಳ ವಿಷಯದಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಊರು ಬದಲಾದಂತೆ ಆಶಾ ಕಾರ್ಯಕರ್ತೆ, ಸಿಸ್ಟರ್, ಡಾಕ್ಟರು ಎಲ್ಲರೂ ಬದಲಾಗುತ್ತಾರೆ. ಪ್ರತಿಯೊಬ್ಬರೂ ವಯಸ್ಸು ಕೇಳುತ್ತಾರೆ, ಒಬ್ಬರು ವಾರದಲ್ಲಿ, ಇನ್ನೊಬ್ಬರು ತಿಂಗಳಲ್ಲಿ.

ನಾಲ್ಕರ ಭಾಗಾಕಾರ ಎಲ್ಲಿ ಕೈಕೊಡುತ್ತದೆ

ನಾಲ್ಕು ವಾರಕ್ಕೆ ಸರಿಯಾಗಿ 28 ದಿನ. ಅಷ್ಟೇ ದಿನ ಇರುವ ತಿಂಗಳು ವರ್ಷಕ್ಕೆ ಒಂದೇ, ಫೆಬ್ರವರಿ; ಅಧಿಕ ವರ್ಷದಲ್ಲಿ ಅದೂ ಇಲ್ಲ. ಉಳಿದ ತಿಂಗಳುಗಳಲ್ಲಿ ಎರಡು ಇಲ್ಲವೇ ಮೂರು ದಿನ ಹೆಚ್ಚುವರಿ. ಸರಾಸರಿ ಹಿಡಿದರೆ ತಿಂಗಳಿಗೆ 30.44 ದಿನ, ಅಂದರೆ 4.35 ವಾರ. ನಾಲ್ಕರಿಂದ ಭಾಗಿಸಿದಾಗ ಪ್ರತಿ ತಿಂಗಳೂ ಸುಮಾರು ಎರಡೂವರೆ ದಿನ ಸೋರಿಹೋಗುತ್ತದೆ. ಮೊದಲ ತಿಂಗಳಲ್ಲಿ ಇದು ಗೊತ್ತೇ ಆಗುವುದಿಲ್ಲ, ಅದಕ್ಕೇ ಎಲ್ಲರೂ ಈ ಲೆಕ್ಕವನ್ನು ನಂಬುತ್ತಾರೆ. ಮೂರು ತಿಂಗಳಿಗೆ ಒಂದು ವಾರ, ಆರು ತಿಂಗಳಿಗೆ ಹದಿನೈದು ದಿನ, ಒಂಬತ್ತಕ್ಕೆ ಮೂರು ವಾರ, ವರ್ಷಕ್ಕೆ 29 ದಿನ ಸೋರಿರುತ್ತದೆ. 2025ರ ಮಾರ್ಚ್ 17ರಂದು ಹುಟ್ಟಿದ ಕೂಸಿಗೆ ನಾಲ್ಕರ ಲೆಕ್ಕದಲ್ಲಿ 2026ರ ಫೆಬ್ರವರಿ 16ಕ್ಕೇ ಹುಟ್ಟುಹಬ್ಬ ಮಾಡಬೇಕಾದೀತು.

ಇಷ್ಟು ಹೇಳಿದರೂ ಮನೆಯವರು ಒಪ್ಪದಿದ್ದರೆ ಬಸಿರಿನ ಲೆಕ್ಕ ಕೇಳಿ. ಪೂರ್ಣ ಗರ್ಭಕ್ಕೆ 40 ವಾರ. ನಾಲ್ಕರಿಂದ ಭಾಗಿಸಿದರೆ ಹತ್ತು ತಿಂಗಳು. ಹತ್ತು ತಿಂಗಳು ಹೊತ್ತವರು ಯಾರಿದ್ದಾರೆ? ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿದರೆ ಸಿಗುವುದು ಒಂಬತ್ತು ತಿಂಗಳು, ಮೇಲೆ ಸುಮಾರು ಏಳು ದಿನ.

ವಾರಕ್ಕೆ ವಾರ ಹಿಡಿಯಿರಿ, ತಿಂಗಳಿಗೆ ತಾರೀಖು

ವಾರದಿಂದ ತಿಂಗಳನ್ನು ಭಾಗಿಸಿ ತೆಗೆಯುವುದಕ್ಕಿಂತ ಎರಡನ್ನೂ ಹುಟ್ಟಿದ ದಿನದಿಂದಲೇ ಬೇರೆಬೇರೆಯಾಗಿ ಎಣಿಸುವುದು ನಿಖರ. ಬೇಕಾದದ್ದು ಹುಟ್ಟಿದ ತಾರೀಖು, ಹುಟ್ಟಿದ ವಾರ, ಗೋಡೆಯ ಮೇಲಿನ ಕ್ಯಾಲೆಂಡರ್. ಮೇಲೆ ಹೇಳಿದ ಕೂಸನ್ನೇ ಇಟ್ಟುಕೊಳ್ಳೋಣ. 2025ರ ಮಾರ್ಚ್ 17, ಸೋಮವಾರ. ಇವತ್ತು ಅಕ್ಟೋಬರ್ 5, ರವಿವಾರ. ಕಾರವಾರದ ಸಂತೆಯಲ್ಲಿ ಸಿಕ್ಕ ನೆಂಟರು ವಯಸ್ಸು ಕೇಳಿದ್ದಾರೆ ಅಂದುಕೊಳ್ಳಿ.

1. ತಿಂಗಳು ಎಣಿಸುವಾಗ 17ನೇ ತಾರೀಖಿನಿಂದ 17ನೇ ತಾರೀಖಿಗೆ ಹಾರಿ. ಏಪ್ರಿಲ್ 17ಕ್ಕೆ ಒಂದು, ಮೇ 17ಕ್ಕೆ ಎರಡು, ಹೀಗೆ ಸೆಪ್ಟೆಂಬರ್ 17ಕ್ಕೆ ಆರು. ಅಕ್ಟೋಬರ್ 17 ಇನ್ನೂ ಬಂದಿಲ್ಲ, ಅಲ್ಲಿಗೆ ನಿಲ್ಲಿಸಿ.

2. ಉಳಿದ ದಿನ ಎಣಿಸಿ. ಸೆಪ್ಟೆಂಬರಿಗೆ 30 ದಿನ. 17 ಕಳೆದರೆ 13, ಅಕ್ಟೋಬರಿನ 5 ಸೇರಿಸಿದರೆ 18. ಕೂಸಿಗೆ 6 ತಿಂಗಳು 18 ದಿನ.

3. ವಾರ ಬೇಕಿದ್ದರೆ ಸೋಮವಾರದಿಂದ ಸೋಮವಾರಕ್ಕೆ ಎಣಿಸಿ. ಹುಟ್ಟಿದ ಸೋಮವಾರ ಸೊನ್ನೆ, ಮಾರ್ಚ್ 24 ಒಂದು, 31 ಎರಡು. ಸೆಪ್ಟೆಂಬರ್ 29ರ ಸೋಮವಾರಕ್ಕೆ 28 ವಾರ. ಅಲ್ಲಿಂದ 6 ದಿನ. ಒಟ್ಟು 28 ವಾರ 6 ದಿನ.

28ನ್ನು ನಾಲ್ಕರಿಂದ ಭಾಗಿಸಿದ್ದರೆ "ಏಳು ತುಂಬಿತು" ಅನ್ನುತ್ತಿದ್ದಿರಿ. ಏಳಕ್ಕೆ ಇನ್ನೂ ಹನ್ನೆರಡು ದಿನ ಇದೆ.

ಯಾವ ತಿಂಗಳಿಗೆ 30, ಯಾವುದಕ್ಕೆ 31 ಎನ್ನುವುದು ಮರೆತರೆ ಮುಷ್ಟಿ ಕಟ್ಟಿ. ಉಬ್ಬಿದ ಗಂಟು ಜನವರಿ, ನಡುವಿನ ತಗ್ಗು ಫೆಬ್ರವರಿ, ಮುಂದಿನ ಗಂಟು ಮಾರ್ಚ್. ಗಂಟಿನ ಮೇಲೆ ಬಂದದ್ದಕ್ಕೆಲ್ಲ 31. ಜುಲೈ ಕೊನೆಯ ಗಂಟಿಗೆ ಬರುತ್ತದೆ, ಆಗಸ್ಟಿಗೆ ಮತ್ತೆ ಮೊದಲ ಗಂಟಿನಿಂದ ಶುರು.

ತಿಂಗಳ ಕೊನೆಯಲ್ಲಿ ಹುಟ್ಟಿದವರದ್ದು ಸಣ್ಣ ತಕರಾರು. ಆಗಸ್ಟ್ 31ಕ್ಕೆ ಹುಟ್ಟಿದ ಕೂಸಿಗೆ ಫೆಬ್ರವರಿಯಲ್ಲಿ 31ನೇ ತಾರೀಖು ಎಲ್ಲಿಂದ ತರುವುದು? ಆ ತಿಂಗಳ ಕೊನೆಯ ದಿನಕ್ಕೆ ತಿಂಗಳು ತುಂಬಿತು ಎಂದು ಹಿಡಿದರೆ ಸಾಕು.

ಸಂತೆಯಲ್ಲಿ ನಿಂತು ಹೇಳಬೇಕಾದಾಗ ಹದಿಮೂರು

ಕ್ಯಾಲೆಂಡರ್ ಇಲ್ಲದಾಗ, ಯಾರೋ ವಾರದ ಸಂಖ್ಯೆ ಮಾತ್ರ ಹೇಳಿದಾಗ, ಬಾಯಿಲೆಕ್ಕಕ್ಕೆ ಹದಿಮೂರನ್ನು ಹಿಡಿಯಿರಿ. ವರ್ಷಕ್ಕೆ 52 ವಾರ. ಅದರ ಕಾಲುಭಾಗ 13. ಹಾಗಾಗಿ 13 ವಾರಕ್ಕೆ ಮೂರು ತಿಂಗಳು, 26ಕ್ಕೆ ಆರು, 39ಕ್ಕೆ ಒಂಬತ್ತು, 52ಕ್ಕೆ ಹನ್ನೆರಡು. ಈ ನಾಲ್ಕು ಕಂಬ ನೆಟ್ಟುಕೊಂಡರೆ ನಡುವಿನದ್ದನ್ನು ತುಂಬುವುದು ಸುಲಭ.

31 ವಾರ ಅಂದರೆ? 26ಕ್ಕೆ ಆರು ತಿಂಗಳು ಹೋಯಿತು, ಉಳಿದದ್ದು 5 ವಾರ, 35 ದಿನ. ಅದರಲ್ಲಿ ಒಂದು ತಿಂಗಳು ತೆಗೆದರೆ ನಾಲ್ಕೈದು ದಿನ. ಏಳು ತಿಂಗಳ ಮೇಲೆ ನಾಲ್ಕೈದು ದಿನ. 20 ವಾರಕ್ಕೆ 13ರ ಮೂರು ತಿಂಗಳು, ಉಳಿದ 7 ವಾರಕ್ಕೆ 49 ದಿನ; ಒಟ್ಟು ನಾಲ್ಕು ತಿಂಗಳು, ಹದಿನೆಂಟು ದಿನದ ಆಸುಪಾಸು. ಒಂದೆರಡು ದಿನ ಆಚೆ ಈಚೆ ಆಗಬಹುದು, ಮಾತಿಗೆ ಅಷ್ಟು ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಕೋಷ್ಟಕಗಳಲ್ಲೂ 13 ವಾರದ ತನಕ ವಾರದ ಲೆಕ್ಕವೇ ಸಿಗುತ್ತದೆ, ಅದರಾಚೆ ತಿಂಗಳಿನದ್ದು. ಮನೆಯಲ್ಲೂ ಹಾಗೇ ಮಾಡುವುದು ಒಳ್ಳೆಯದು. ಮೂರು ತಿಂಗಳ ತನಕ ವಾರ ಹೇಳಿ. ಆ ವಯಸ್ಸಿನಲ್ಲಿ ವಾರಕ್ಕೊಂದು ಬದಲಾವಣೆ ಕಣ್ಣಿಗೆ ಕಾಣುತ್ತದೆ. ಆಮೇಲೆ ತಿಂಗಳು ಹೇಳಿ. "ನಲವತ್ತೇಳು ವಾರ" ಅಂದರೆ ಡಾಕ್ಟರೂ ಒಂದು ಕ್ಷಣ ಮೇಲೆ ನೋಡಿ ಲೆಕ್ಕ ಹಾಕಬೇಕಾಗುತ್ತದೆ.

ಕೆಲಸಕ್ಕೆ ಹೋಗುವ ತಾಯಂದಿರಿಗೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ. 2017ರಿಂದ ಕಾಯ್ದೆಯ ಪ್ರಕಾರ ಮೊದಲ ಎರಡು ಮಕ್ಕಳಿಗೆ ಇರುವ ಹೆರಿಗೆ ರಜೆ 26 ವಾರ. ಅದು 182 ದಿನ, ಅಂದರೆ ಆರು ತಿಂಗಳು. ನಾಲ್ಕರಿಂದ ಭಾಗಿಸಿ ಆರೂವರೆ ತಿಂಗಳು ಎಂದುಕೊಂಡು ಕೂಸನ್ನು ನೋಡಿಕೊಳ್ಳುವವರಿಗೆ ಹೇಳಿಟ್ಟರೆ ಕೊನೆಯ ಎರಡು ವಾರ ಒದ್ದಾಟ.

ಮೊಬೈಲಿನ ಕ್ಯಾಲ್ಕುಲೇಟರ್ ಕೈಯಲ್ಲಿದ್ದರೆ ವಾರವನ್ನು 0.23ರಿಂದ ಗುಣಿಸಿ. 20 ವಾರಕ್ಕೆ 4.6 ಬರುತ್ತದೆ. ಇಲ್ಲೊಂದು ಗುಂಡಿ ಇದೆ, ನೋಡಿ ಕಾಲಿಡಿ. 4.6 ಅಂದರೆ ನಾಲ್ಕು ತಿಂಗಳು ಆರು ದಿನ ಎಂದು ಓದಿಬಿಡುವವರು ಬಹಳ. ಬಿಂದುವಿನ ಆಚೆಗಿನದ್ದು ತಿಂಗಳ ಪಾಲು. ಅದನ್ನು 30ರಿಂದ ಗುಣಿಸಬೇಕು. 0.6ಕ್ಕೆ 18 ದಿನ.

"ತುಂಬಿತು", "ಬಿತ್ತು", ಮತ್ತು "ಎಂಟು ದಿನ"

ಅಂಕಿ ಸರಿಯಿದ್ದೂ ವಯಸ್ಸು ತಪ್ಪುವುದು ಮಾತಿನಲ್ಲಿ. "ಐದು ತುಂಬಿ ಆರಕ್ಕೆ ಬಿತ್ತು" ಅನ್ನುತ್ತೇವೆ. ಇದರಲ್ಲಿ ಎರಡೂ ಇದೆ: ಪೂರ್ತಿಯಾದದ್ದು ಐದು, ನಡೆಯುತ್ತಿರುವುದು ಆರು. ಮೊದಲರ್ಧ ನುಂಗಿ "ಆರು" ಎಂದಷ್ಟೇ ಹೇಳಿದರೆ ಒಂದು ತಿಂಗಳೇ ಮುಂದೆ ಹೋದಂತೆ. ಆಸ್ಪತ್ರೆಯಲ್ಲಿ, ಅಂಗನವಾಡಿಯಲ್ಲಿ, ತಾಯಿ ಕಾರ್ಡಿನ ಬೆಳವಣಿಗೆಯ ನಕ್ಷೆಯಲ್ಲಿ ಹಿಡಿಯುವುದು ತುಂಬಿದ ತಿಂಗಳನ್ನೇ. ಕೇಳಿದವರಿಗೆ "ಐದು ತುಂಬಿದೆ" ಎಂದು ಬಾಯಿಬಿಟ್ಟು ಹೇಳಿ. ನಡೆಯುವ ತಿಂಗಳನ್ನು ಕೊಟ್ಟರೆ ತೂಕದ ಚುಕ್ಕೆ ನಕ್ಷೆಯಲ್ಲಿ ಒಂದು ಮನೆ ಬಲಕ್ಕೆ ಕೂರುತ್ತದೆ. ಸರಿಯಾಗಿ ಬೆಳೆಯುತ್ತಿರುವ ಕೂಸೂ ಸೊರಗಿದಂತೆ ಕಾಣುತ್ತದೆ, ತಾಯಿಗೆ ಬೇಡದ ಚಿಂತೆ.

ಅನ್ನಪ್ರಾಶನದ ವಿಷಯದಲ್ಲೂ ಇದೇ ಕಿತಾಪತಿ. ಗಂಡಿಗೆ ಸರಿ ತಿಂಗಳು, ಹೆಣ್ಣಿಗೆ ಬೆಸ ತಿಂಗಳು ಎಂದು ಮುಹೂರ್ತ ನೋಡುವಾಗ ಆರನೇ ತಿಂಗಳು ಎಂದರೆ ಐದು ತುಂಬಿದ ದಿನದಿಂದಲೇ ಶುರು. ಡಾಕ್ಟರು ಎದೆಹಾಲು ಮಾತ್ರ ಎನ್ನುವುದು ಆರು ತುಂಬುವ ತನಕ. ನಮ್ಮ ಕೂಸಿಗೆ ಆರನೇ ತಿಂಗಳು ಆಗಸ್ಟ್ 17ಕ್ಕೇ ಹಿಡಿಯಿತು, ಆರು ತುಂಬಿದ್ದು ಸೆಪ್ಟೆಂಬರ್ 17ಕ್ಕೆ. ನಾಲ್ಕರ ಲೆಕ್ಕದ 24 ವಾರ ಸೆಪ್ಟೆಂಬರ್ 1ಕ್ಕೇ ಬಂದುಬಿಡುತ್ತದೆ. ಮಣ್ಣಿ, ಗಂಜಿ, ಬಾಳೆಹಣ್ಣು ಎಲ್ಲ 17ರ ನಂತರ. ಹೆಣ್ಣು ಕೂಸಿಗೆ ಐದನೇ ತಿಂಗಳೋ ಏಳನೆಯದೋ ಎಂದು ಆಯ್ಕೆ ಇದ್ದರೆ ಏಳನೆಯದನ್ನೇ ಹಿಡಿದರೆ ಜಗಳವೇ ಇಲ್ಲ: ಆರು ತುಂಬಿದ ಮೇಲೆ ನಡೆಯುವುದು ಏಳೇ.

ಇನ್ನೊಂದು ನಮ್ಮ "ಎಂಟು ದಿನ". ವಾರಕ್ಕೊಮ್ಮೆ ಅನ್ನುವುದಕ್ಕೆ ಎಂಟು ದಿನಕ್ಕೊಮ್ಮೆ ಅನ್ನುತ್ತೇವೆ, ಎರಡು ವಾರಕ್ಕೆ ಹದಿನೈದು ದಿನ ಅನ್ನುತ್ತೇವೆ. ಎರಡು ತುದಿಯ ದಿನಗಳನ್ನೂ ಸೇರಿಸಿ ಎಣಿಸುವ ರೂಢಿ ಅದು. ಹನ್ನೆರಡನೇ ದಿನದ ನಾಮಕರಣಕ್ಕೂ ಹುಟ್ಟಿದ ದಿನವನ್ನೇ ಒಂದು ಎಂದು ಹಿಡಿಯುತ್ತೇವೆ. ವಯಸ್ಸಿನ ಲೆಕ್ಕದಲ್ಲಿ ಹುಟ್ಟಿದ ದಿನ ಸೊನ್ನೆ. "ಆರು ಎಂಟ್ದಿನ ಆಯ್ತು" ಎಂದು ಅಜ್ಜಿ ಹೇಳಿದ್ದನ್ನು ಆರೆಂಟ್ಲಿ ನಲವತ್ತೆಂಟು ಎಂದು ಗುಣಿಸಬೇಡಿ. ಅದು 42 ದಿನವೇ.

ರಾತ್ರಿ ಹುಟ್ಟಿದ ಕೂಸುಗಳಿಗೆ ವಾರವೂ ಎರಡಾಗುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಹುಟ್ಟಿದರೆ ಮನೆಯಲ್ಲಿ "ಸೋಮವಾರ ರಾತ್ರಿ" ಅನ್ನುತ್ತಾರೆ, ಪಂಚಾಂಗದ ಪ್ರಕಾರ ಸೂರ್ಯೋದಯದ ತನಕ ಸೋಮವಾರವೇ. ಜನನ ಪ್ರಮಾಣಪತ್ರದಲ್ಲಿ ರಾತ್ರಿ ಹನ್ನೆರಡಕ್ಕೇ ದಿನ ಬದಲಾಗಿ ಮಂಗಳವಾರ ಆಗಿರುತ್ತದೆ. ವಾರ ಎಣಿಸಲು ಪ್ರಮಾಣಪತ್ರದ ದಿನ, ಜಾತಕಕ್ಕೆ ಭಟ್ಟರ ದಿನ.

ತಿಥಿ ನೋಡಿ ತಿಂಗಳು ಎಣಿಸುವ ಮನೆಗಳಲ್ಲಿ ಚಾಂದ್ರಮಾಸಕ್ಕೆ 29.5 ದಿನ. ಹನ್ನೆರಡು ಸೇರಿದರೆ 354, ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಭಟ್ಕಳದ ಕಡೆ ಹಿಜರಿ ತಿಂಗಳು ಎಣಿಸುವವರಿಗೂ ಅಷ್ಟೇ ವ್ಯತ್ಯಾಸ. ನಡುವೆ ಅಧಿಕ ಮಾಸ ಬಂದರೆ, 2026ರಲ್ಲಿ ಮೇ 17ರಿಂದ ಜೂನ್ 15ರ ತನಕ ಅಧಿಕ ಜ್ಯೇಷ್ಠ ಇರುವ ಹಾಗೆ, ತಿಥಿಯ ಹುಟ್ಟುಹಬ್ಬ ತಾರೀಖಿಗಿಂತ ಹದಿನೆಂಟು ಹತ್ತೊಂಬತ್ತು ದಿನ ತಡವಾಗಿ ಬರುತ್ತದೆ. ಹಬ್ಬಕ್ಕೆ ತಿಥಿ ಇರಲಿ, ಔಷಧಕ್ಕೆ ಬೇಡ.

ಚುಚ್ಚುಮದ್ದಿನ ತಾರೀಖುಗಳು

ನಿಜವಾಗಿ ಈ ಲೆಕ್ಕ ಬೇಕಾಗುವುದು ಇಲ್ಲಿ. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಲ್ಲಿ ಹುಟ್ಟಿದಾಗಿನದ್ದು ಬಿಟ್ಟರೆ ಮೊದಲ ಮೂರು ಸುತ್ತು ವಾರದ ಲೆಕ್ಕದಲ್ಲಿವೆ: 6, 10, 14 ವಾರ. ಪೆಂಟಾ (ಐದು ರೋಗಕ್ಕೆ ಒಂದೇ ಚುಚ್ಚುಮದ್ದು), ಪೋಲಿಯೊ ಹನಿ, ರೋಟಾ (ಭೇದಿ ತಡೆಯುವ ಲಸಿಕೆ) ಮೂರೂ ಸುತ್ತಿನಲ್ಲಿ. ಪಿಸಿವಿ (ನ್ಯುಮೋನಿಯಾ ತಡೆಯುವ ಲಸಿಕೆ) ಮತ್ತು ಪೋಲಿಯೊ ಚುಚ್ಚುಮದ್ದು 6 ಮತ್ತು 14ರಲ್ಲಿ. ಅದರ ನಂತರ ಪಟ್ಟಿ ತಿಂಗಳಿಗೆ ಹಾರುತ್ತದೆ: 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ, 16ರಿಂದ 24 ತಿಂಗಳ ನಡುವೆ ಅದರ ಎರಡನೇ ಡೋಸ್ ಮತ್ತು ಬೂಸ್ಟರ್.

ಊರಲ್ಲಿ 6, 10, 14 ವಾರವನ್ನು "ಒಂದೂವರೆ, ಎರಡೂವರೆ, ಮೂರೂವರೆ ತಿಂಗಳದ್ದು" ಎಂದು ಕರೆಯುವುದು ರೂಢಿ. ಹೆಸರಾಗಿ ತೊಂದರೆಯಿಲ್ಲ, ತಾರೀಖಾಗಿ ಸರಿಯಿಲ್ಲ. 14 ವಾರ ಅಂದರೆ 98 ದಿನ, ಮೂರು ತಿಂಗಳ ಮೇಲೆ ಆರೇಳು ದಿನ ಮಾತ್ರ. ನಮ್ಮ ಸೋಮವಾರದ ಕೂಸಿಗೆ 6 ವಾರ ಏಪ್ರಿಲ್ 28ಕ್ಕೆ, 10 ವಾರ ಮೇ 26ಕ್ಕೆ, 14 ವಾರ ಜೂನ್ 23ಕ್ಕೆ. ಮೂರೂ ಸೋಮವಾರವೇ. ಬೇರೆ ವಾರ ಬಂದಿದ್ದರೆ ಎಣಿಕೆಯಲ್ಲಿ ಎಲ್ಲೋ ಎಡವಿದ್ದೀರಿ. ಉಪಕೇಂದ್ರದಲ್ಲಿ ಲಸಿಕೆ ಹಾಕುವ ದಿನ ಬೇರೆ ಇದ್ದರೆ ಆ ತಾರೀಖಿನ ನಂತರ ಬರುವ ಮೊದಲ ಲಸಿಕೆ ದಿನಕ್ಕೆ ಹೋಗಿ, ಹಿಂದಿನದಕ್ಕೆ ಬೇಡ.

ಒಂದು ವಾರ ತಡವಾದರೆ ಡೋಸ್ ವ್ಯರ್ಥವಾಗುವುದಿಲ್ಲ. ಮುಂಚೆ ಹಾಕಿಸಿದರೆ ವ್ಯರ್ಥವಾಗಬಹುದು. ಒಂಬತ್ತು ತಿಂಗಳ ದಡಾರ ಲಸಿಕೆಯನ್ನೇ ನೋಡಿ. ತಾಯಿಯಿಂದ ಬಂದ ರೋಗನಿರೋಧಕ ಅಂಶ ಕೂಸಿನ ರಕ್ತದಲ್ಲಿ ಇರುವ ತನಕ ಅದು ಲಸಿಕೆಯ ಕೆಲಸವನ್ನು ತಡೆಯುತ್ತದೆ; ಒಂಬತ್ತು ತುಂಬುವ ಹೊತ್ತಿಗೆ ಅದು ಸಾಕಷ್ಟು ಇಳಿದಿರುತ್ತದೆ. 36 ವಾರ ಆಯ್ತು ಎಂದು ನವೆಂಬರ್ 24ಕ್ಕೆ ಹೋದರೆ ನಮ್ಮ ಕೂಸಿಗೆ ಆಗ 8 ತಿಂಗಳು 7 ದಿನ. ಸಿಸ್ಟರ್ ವಾಪಸ್ ಕಳಿಸುತ್ತಾರೆ, ಕಳಿಸಬೇಕು ಕೂಡ. ಒಂಬತ್ತು ತುಂಬುವುದು ಡಿಸೆಂಬರ್ 17ಕ್ಕೆ, 39 ವಾರ 2 ದಿನಕ್ಕೆ.

ಮಳೆಗಾಲದ ಮಾತು ಬೇರೆ. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಮಣ್ಣು ಕುಸಿದು ರಸ್ತೆ ಬಂದ್ ಆಯಿತು, ಬೇರೊಂದು ಕೂಸಿನ ಜುಲೈ 14ರ ಡೋಸ್ ತಪ್ಪಿ 24ಕ್ಕೆ ಹಾಕಿಸಿದಿರಿ ಎಂದಿಟ್ಟುಕೊಳ್ಳಿ. ಮೊದಲಿಂದ ಶುರು ಮಾಡಬೇಕಾಗಿಲ್ಲ. ಆದರೆ ಮುಂದಿನದ್ದನ್ನು ಹಳೇ ತಾರೀಖಿನಿಂದ ಎಣಿಸಿ ಆಗಸ್ಟ್ 11ಕ್ಕೆ ಹೋಗಬಾರದು. ಆಗ ನಡುವೆ ಸಿಗುವುದು 18 ದಿನ. ಎರಡು ಡೋಸ್ ನಡುವೆ ಕನಿಷ್ಠ 4 ವಾರ, 28 ದಿನ ಇರಬೇಕು. ನಿಜವಾಗಿ ಹಾಕಿಸಿದ 24ರಿಂದ ಎಣಿಸಿದರೆ ಆಗಸ್ಟ್ 21. ಎಣಿಸಲು ಬೇಸರವಾದರೆ "ಮುಂದಿನ ತಿಂಗಳು ಅದೇ ತಾರೀಖು" ಎಂದು ಇಟ್ಟುಕೊಳ್ಳಿ, ಯಾವ ತಿಂಗಳೂ 28 ದಿನಕ್ಕಿಂತ ಚಿಕ್ಕದಿಲ್ಲ.

ವಯಸ್ಸು ದಿನದ ಲೆಕ್ಕಕ್ಕೆ ಇಳಿಯುವ ಸಂದರ್ಭ ಇನ್ನೊಂದಿದೆ. ಎರಡು ತಿಂಗಳೊಳಗಿನ ಕೂಸು ಮಿನಿಟಿಗೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರಾಟ. ಎರಡರಿಂದ ಹನ್ನೆರಡು ತಿಂಗಳಿನವರಿಗೆ 50. ಎಂಟು ವಾರ ಅಂದರೆ 56 ದಿನ, ಎರಡು ತಿಂಗಳು ಇನ್ನೂ ಆಗಿಲ್ಲ. ಇಷ್ಟು ಚಿಕ್ಕ ಕೂಸಿಗೆ ಜ್ವರ ಬಂದರೆ ಲೆಕ್ಕ ಹಾಕುತ್ತ ಕೂರುವುದು ಬೇಡ, ಆಸ್ಪತ್ರೆಗೆ ಹೊರಡಿ, ವಯಸ್ಸನ್ನು ದಿನದಲ್ಲಿ ಹೇಳಿ.

ಅವಧಿಗೆ ಮುಂಚೆ ಹುಟ್ಟಿದ ಕೂಸು

37 ವಾರ ತುಂಬುವ ಮುಂಚೆ ಹುಟ್ಟಿದ ಕೂಸಿಗೆ ಎರಡು ವಯಸ್ಸು. ಒಂದು ಹುಟ್ಟಿದಲ್ಲಿಂದ, ಇನ್ನೊಂದು ಹುಟ್ಟಬೇಕಿದ್ದಲ್ಲಿಂದ. "ಎಂಟಕ್ಕೇ ಹುಟ್ಟಿದ್ದು" ಎಂಬ ಮಾತಿನಿಂದ ಲೆಕ್ಕ ಸಿಗುವುದಿಲ್ಲ. ಎಂಟು ತುಂಬಿಯೋ ಎಂಟರಲ್ಲೋ ಎನ್ನುವುದರಲ್ಲೇ ನಾಲ್ಕು ವಾರದ ಅಂತರ ಇದೆ. ಡಿಸ್ಚಾರ್ಜ್ ಕಾಗದ ತೆಗೆದು ನೋಡಿ. ಅಲ್ಲಿ 32+4 ಎಂಬಂತೆ ಬರೆದಿರುತ್ತಾರೆ: 32 ವಾರ 4 ದಿನ. ಇದನ್ನು 36 ಎಂದು ಕೂಡಿಸಿದವರೂ ಇದ್ದಾರೆ.

40 ವಾರದಿಂದ 32 ವಾರ 4 ದಿನ ಕಳೆದರೆ 7 ವಾರ 3 ದಿನ, 52 ದಿನ. ಮಾರ್ಚ್ 17ಕ್ಕೆ 52 ದಿನ ಸೇರಿಸಿದರೆ ಮೇ 8. ಇನ್ನು ಮೇಲೆ ಮೇ 8ನ್ನೇ ಎರಡನೇ ಹುಟ್ಟುದಿನ ಎಂದು ಬರೆದಿಟ್ಟುಕೊಳ್ಳಿ, ಪ್ರತಿ ಸಲ ಕಳೆಯುವ ರಗಳೆ ತಪ್ಪುತ್ತದೆ. ಸೆಪ್ಟೆಂಬರ್ 17ಕ್ಕೆ ಈ ಕೂಸಿಗೆ ಹುಟ್ಟಿದಲ್ಲಿಂದ 6 ತಿಂಗಳು, ಮೇ 8ರಿಂದ 4 ತಿಂಗಳು 9 ದಿನ. ತೂಕ, ಉದ್ದ, ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಇವನ್ನೆಲ್ಲ ಎರಡನೆಯ ವಯಸ್ಸಿನಲ್ಲಿ ನೋಡಬೇಕು, ಎರಡು ವರ್ಷದ ತನಕ. ಪಕ್ಕದ ಮನೆಯ ಆರು ತಿಂಗಳ ಕೂಸು ಕೂರಲು ನೋಡುತ್ತಿದೆ, ನಮ್ಮದು ಇಲ್ಲ ಎಂಬ ಕೊರಗಿಗೆ ಅರ್ಧ ಕಾರಣ ಈ ಲೆಕ್ಕ ಗೊತ್ತಿಲ್ಲದಿರುವುದು. ಚುಚ್ಚುಮದ್ದಿಗೆ ಮಾತ್ರ ಹುಟ್ಟಿದ ತಾರೀಖೇ. 6 ವಾರದ್ದು ಏಪ್ರಿಲ್ 28ಕ್ಕೇ ಬರುತ್ತದೆ. ಮೇಲಾಹಾರ ಯಾವಾಗ ಎಂಬುದನ್ನು ಇಂಥ ಕೂಸಿಗೆ ಡಾಕ್ಟರೇ ತೂಕ ನೋಡಿ ಹೇಳಲಿ.

ಕ್ಯಾಲೆಂಡರಿನ ಚೌಕ

ಆಪ್ ಇದ್ದವರಿಗೆ ಆಪ್ ಇರಲಿ. ಆದರೆ ಅಡುಗೆಮನೆಯ ಕ್ಯಾಲೆಂಡರ್ ಎಲ್ಲರ ಕಣ್ಣಿಗೂ ಬೀಳುತ್ತದೆ. ಹಾಲಿನ ಲೆಕ್ಕದ ಗೀಟು ಎಳೆಯುವ ಅದೇ ಚೌಕದ ಮೇಲಿನ ಮೂಲೆಯಲ್ಲಿ, ಹುಟ್ಟಿದ ವಾರ ಬಂದಾಗಲೆಲ್ಲ ವಾರದ ಸಂಖ್ಯೆ ಬರೆಯಿರಿ: 1, 2, 3. ಹುಟ್ಟಿದ ತಾರೀಖು ಬಂದ ಚೌಕಕ್ಕೆ ಸುತ್ತು ಹಾಕಿ ತಿಂಗಳ ಸಂಖ್ಯೆ. ವರ್ಷದ್ದೆಲ್ಲ ಒಮ್ಮೆಗೇ ಬರೆದಿಟ್ಟರೆ ಹತ್ತು ನಿಮಿಷದ ಕೆಲಸ. ಹಾಕಿಸಿದ ಚುಚ್ಚುಮದ್ದಿನ ತಾರೀಖನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಕರಾವಳಿಯ ಮಳೆಗೆ ತಾಯಿ ಕಾರ್ಡಿಗೆ ಬೂಷ್ಟು ಹಿಡಿದು ಶಾಯಿ ಹರಡಿದಾಗ ಇದೊಂದೇ ಆಧಾರವಾಗಿ ಉಳಿಯುವುದೂ ಇದೆ. ಕಾರ್ಡನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಕ್ಕಿ ಡಬ್ಬದ ಮೇಲೆ ಇಡಿ, ಪ್ರತಿ ಡೋಸ್ ಆದ ದಿನವೇ ಮೊಬೈಲಿನಲ್ಲಿ ಅದರ ಫೋಟೊ ತೆಗೆಯಿರಿ.

ಡಿಸೆಂಬರ್ ಕೊನೆಗೆ ಹಳೇ ಕ್ಯಾಲೆಂಡರ್ ಇಳಿಸುವ ಮುಂಚೆ ಕೊನೆಯ ಸಂಖ್ಯೆ ನೋಡಿಕೊಳ್ಳಿ. ನಮ್ಮ ಕೂಸಿನದ್ದು ಡಿಸೆಂಬರ್ 29ರ ಚೌಕದಲ್ಲಿ 41. ಹೊಸತರಲ್ಲಿ ಜನವರಿ 5ರ ಸೋಮವಾರಕ್ಕೆ 42 ಬರೆದು ಮೊಳೆಗೆ ತೂಗುಹಾಕಿ.